ಗುಂಡಾಚಾರ್ಯರ ನಾಲ್ಕು ತುಂಡು

“ಸವಣೂರಿನ ಗುಂಡಾಚಾರ್ಯರು ಒಂದು ದಿನ ಪೂಜೆಗೆ ಕುಳಿತಿದ್ದಾಗ, ಮುಚ್ಚಿದ ಕಣ್ಣಿನ ಮುಂದೆ ಒಂದು ತ್ರಿಕೋಣ ಮೂರು ತುಂಡಾಗಿ, ಆ ಮೂರೂ ಕೂಡಿ ತನ್ನದೇ ಕನ್ನಡಿಯ ಬಿಂಬವಾದದ್ದನ್ನು ಕಂಡರು. ಎದ್ದವರೇ ಅದನ್ನು ಪತ್ರಿಕೆಗೆ ಬರೆದು ಕಳಿಸಿದರು. ಅದನ್ನು ಬಿಡಿಸಬಲ್ಲವರು ಸುತ್ತಲಿನ ತಾಲೂಕುಗಳಲ್ಲಿ ಒಬ್ಬರೂ ಇರಲಿಲ್ಲ. ಮುಂದೆ ಕಣ್ಣು ಮಂಜಾದ್ದರಿಂದ ಬರೆಯುವುದನ್ನು ನಿಲ್ಲಿಸಿದರು.”

ಈ ಕಥೆಯನ್ನು ನಾನು ಹಾನಗಲ್ಲಿನಲ್ಲಿ ಕೇಳಿದ್ದೇನೆ, ಶಿಗ್ಗಾವಿಯ ಒಂದು ಮದುವೆಯ ಊಟದ ಸಾಲಿನಲ್ಲಿ ಕೇಳಿದ್ದೇನೆ. ಕಳೆದ ವರ್ಷ ಸವಣೂರಿನಲ್ಲಿ ನಿವೃತ್ತ ಶಿಕ್ಷಕರು ಸೇರಿದ್ದ ಸಭೆಯಲ್ಲಿ ಧ್ವನಿವರ್ಧಕದ ಮೂಲಕವೂ ಕೇಳಿದೆ. ‘ಗುಂಡಾಚಾರ್ಯರ ಮೂರು ತುಂಡು’ ಎಂದೇ ಆ ಸಮಸ್ಯೆಗೆ ಈಗ ಹೆಸರು. ಅಂದು ನಾನು ಎದ್ದು ನಿಂತು, ಆಚಾರ್ಯರದು ಮೂರು ತುಂಡಲ್ಲ, ನಾಲ್ಕು ತುಂಡು ಎಂದೆ. ಸಮಸ್ಯೆ ಹುಟ್ಟಿದ್ದು ದೇವರ ಮನೆಯಲ್ಲಲ್ಲ, ನನ್ನ ಹೊಲಿಗೆಯ ಅಂಗಡಿಯಲ್ಲಿ. ಅದನ್ನು ಬಿಡಿಸಿದವರು ಒಬ್ಬರಿದ್ದರು. ಆಚಾರ್ಯರ ಕಣ್ಣಿಗೆ ಏನೂ ಆಗಿರಲಿಲ್ಲ ಎಂದೂ ಹೇಳಿದೆ. ಭಾಷಣಕಾರರು ತಾಳ್ಮೆಯಿಂದ ಕೇಳಿಸಿಕೊಂಡು, “ಅಜ್ಜಾರ, ನಿಮ್ಮ ಮಾತಿಗೆ ಸಾಕ್ಷಿ ಏನೈತ್ರಿ?” ಎಂದರು. ಪ್ರಶ್ನೆ ನ್ಯಾಯವಾಗಿತ್ತು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ದರ್ಜಿ. ಉಳಿದದ್ದನ್ನೆಲ್ಲ ಹಳೆಯ ಪುಸ್ತಕಗಳಿಂದ ಕಲಿತವನು. ಇಂಥವನ ನೆನಪನ್ನು ಸಾಕ್ಷಿಯೆಂದು ಒಪ್ಪಿಕೊಳ್ಳಿ ಎನ್ನುವುದು ತಪ್ಪು. ಆದ್ದರಿಂದ ಮೊದಲು ನನಗೆ ತಿಳಿದದ್ದನ್ನು ಬರೆಯುತ್ತೇನೆ, ಆಮೇಲೆ ಸಾಕ್ಷಿಯನ್ನು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಆ ವರ್ಷ ಜೂನಿನ ಮಿರಗದ ಮಳೆ ಹೊತ್ತಿಗೆ ಸರಿಯಾಗಿ ಹಿಡಿದಿತ್ತು. ಹಾನಗಲ್ಲ ಕಡೆ ಭತ್ತದ ಗದ್ದೆಗಳು ತುಂಬಿದವೆಂದು ಅಕ್ಕಿಆಲೂರಿನಿಂದ ಬರುವ ಬಸ್ಸಿನವರು ಹೇಳುತ್ತಿದ್ದರು. ನಮ್ಮ ಸವಣೂರಿನ ಕಡೆ ನೆಲ ಕಪ್ಪಾಗುವಷ್ಟು ಮಾತ್ರ ಬಿದ್ದಿತ್ತು. ಮೋಡ ಕವಿದ ದಿನಗಳಲ್ಲಿ ಅಂಗಡಿಯೊಳಗೆ ಬೆಳಕು ಸಾಲುತ್ತಿರಲಿಲ್ಲ. ಕತ್ತರಿಸುವ ಮೇಜನ್ನು ಬಾಗಿಲಿಗೆ ಎಳೆದುಕೊಂಡು ಕೆಲಸ ಮಾಡುತ್ತಿದ್ದೆ. ಕಾರಹುಣ್ಣಿಮೆ ಹತ್ತಿರ ಬಂದಿತ್ತು. ಎತ್ತುಗಳನ್ನು ಸಿಂಗರಿಸುವ ಹಬ್ಬವಾದ್ದರಿಂದ ಮನುಷ್ಯರ ಅಂಗಿಗಳಿಗಿಂತ ಎತ್ತಿನ ಬೆನ್ನಿಗೆ ಹೊದಿಸುವ ಝೂಲಗಳೇ ನನ್ನ ಮೇಜಿನ ಮೇಲೆ ಹೆಚ್ಚಾಗಿದ್ದವು.

ಶಿಗ್ಗಾವಿ ಹಾದಿಯ ರೈತ ಫಕೀರಪ್ಪನ ಝೂಲ ಅದರಲ್ಲೊಂದು. ಕೆಂಪು ನೆಲದ ಮೇಲೆ ಬಿಳಿಯ ಸಣ್ಣ ಬುಂದಿಗಳ, ಎಂದರೆ ಚುಕ್ಕೆಗಳ, ಛಾಪು ಇದ್ದ ಸಾಟೀನು. ಹಿಂದಿನ ವರ್ಷ ಎತ್ತು ಗೂಟಕ್ಕೆ ಮೈ ತಿಕ್ಕಿ ಹೆಗಲಿನ ಜಾಗದಲ್ಲಿ ಬಟ್ಟೆ ಹರಿದಿತ್ತು. ಹರಿದ ಅಂಚನ್ನು ನೇರ ಮಾಡಿದಾಗ ಮೂರು ಬದಿಯೂ ಬೇರೆ ಬೇರೆ ಅಳತೆಯ ಒಂದು ತ್ರಿಕೋಣದ ಕಿಂಡಿ ಉಳಿಯಿತು. ಅದೇ ಬಟ್ಟೆಯ ಒಂದು ಚೂರನ್ನು ಫಕೀರಪ್ಪ ಜೋಪಾನವಾಗಿ ಇಟ್ಟಿದ್ದ. ಆ ಚೂರಿನಲ್ಲಿ ಒಂದು ತೇಪೆ ಹೊರಡುತ್ತಿತ್ತು, ಎರಡನೆಯದಕ್ಕೆ ಬಟ್ಟೆ ಇರಲಿಲ್ಲ.

ಕಿಂಡಿಯ ಅಚ್ಚನ್ನು ಕಾಗದದ ಮೇಲೆ ತೆಗೆಯುವಾಗ ಝೂಲ ಬೋರಲಾಗಿತ್ತು; ಅಸ್ತರಿನ ಬದಿ ಮೇಲಿತ್ತು. ಆ ಕಾಗದವನ್ನೇ ಬಟ್ಟೆಯ ಸೀದಾ ಬದಿಯ ಮೇಲಿಟ್ಟು ಕತ್ತರಿಸಿದೆ. ಬಟ್ಟೆಗೆ ಸೀದಾ, ಉಲ್ಟಾ ಎಂದು ಎರಡು ಮೈ ಇರುತ್ತವೆಂಬುದನ್ನು ದರ್ಜಿ ಮರೆಯಬಾರದು. ಎಡಗಾಲಿನ ಚಪ್ಪಲಿಯ ಅಳತೆಗೆ ಬಲಗಾಲಿನದನ್ನು ಮಾಡಿದಂತೆ ತೇಪೆ ತಯಾರಾಯಿತು. ಕಿಂಡಿಯ ಮೇಲೆ ಇಟ್ಟಾಗ ಫಕೀರಪ್ಪ ಅಲ್ಲೇ ನಿಂತಿದ್ದ.

“ಏನ್ ಟೇಲರ, ಕಿಂಡಿ ಈ ಕಡೆ ನೋಡಿದ್ರ ತ್ಯಾಪಿ ಆ ಕಡೆ ನೋಡಾಕತ್ತೈತಲ್ಲ! ಜಗಳ ಆಡ್ಯಾವೇನ್ ಎರಡೂ?”

“ಉಲ್ಟಾ ಮಾಡಿ ಹಚ್ಚಿದ್ರ ಕೂಡತೈತಿ, ಫಕೀರಣ್ಣ.”

“ಹಚ್ಚು ಹಚ್ಚು. ಫಕೀರಪ್ಪನ ಎತ್ತು ಅಂಗಿ ತಿರುವಿ ಹಾಕ್ಕೊಂಡು ಬಂತು ಅಂತ ಊರ ಮಂದಿ ನಗಲಿ. ನಾಡಿದ್ದ ಹುಣ್ಣಿವಿ ಐತಿ, ನೆಪ್ಪ ಐತಿಲ್ಲೊ?”

ಉಲ್ಟಾ ಬದಿಯಲ್ಲಿ ಬುಂದಿಗಳೇ ಇರಲಿಲ್ಲ, ಬಣ್ಣವೂ ಹತ್ತಿರಲಿಲ್ಲ. ತೇಪೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಲು ಹೊರಟಾಗ ಬಾಗಿಲ ಬಳಿಯ ಕುರ್ಚಿಯಿಂದ ಒಂದು ಧ್ವನಿ ಬಂತು.

“ತಡೀ ಈರಣ್ಣಾ. ಅದನ್ನ ಬಿಸಾಡಬ್ಯಾಡ. ಇಲ್ಲೆ ಕೊಡು.”

ಗುಂಡಾಚಾರ್ಯರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ಮನೆತನದಲ್ಲಿ ಹಿಂದಿನವರು ಶಾಸ್ತ್ರ ಓದಿದವರು, ಮಕ್ಕಳು ಬ್ಯಾಂಕು ಕಚೇರಿಗಳಲ್ಲಿದ್ದವರು. ದಿನಪತ್ರಿಕೆ ಓದಲು ಪ್ರತಿದಿನ ನನ್ನ ಅಂಗಡಿಗೆ ಬರುತ್ತಿದ್ದರು. ಮಳೆ ಇರಲಿ ಇಲ್ಲದಿರಲಿ, ಕೈಯಲ್ಲಿ ಛತ್ರಿ ಇರುತ್ತಿತ್ತು. ಹುಬ್ಬಳ್ಳಿಯಿಂದ ಬರುತ್ತಿದ್ದ ಒಂದು ವಾರಪತ್ರಿಕೆಯಲ್ಲಿ ‘ರೇಖಾವಿನೋದ’ ಎಂಬ ಅಂಕಣಕ್ಕೆ ಅವರು ಸಮಸ್ಯೆಗಳನ್ನು ಕಟ್ಟಿ ಕಳಿಸುತ್ತಿದ್ದರು. ಬೇರೆಯವರ ಸಮಸ್ಯೆಯನ್ನು ಅವರು ಎಂದೂ ಎತ್ತಿಕೊಂಡವರಲ್ಲ. ಬಾವಿಯ ಹಗ್ಗ, ಮಾಳಿಗೆಯ ತೊಲೆ, ಎಲೆ ಅಡಿಕೆಯ ಡಬ್ಬಿ, ಕಣ್ಣಿಗೆ ಬಿದ್ದದ್ದರಲ್ಲೆಲ್ಲ ಅವರಿಗೆ ಒಂದು ಪ್ರಶ್ನೆ ಕಾಣುತ್ತಿತ್ತು. ಶಾಲೆ ಬಿಟ್ಟ ಮೇಲೂ ನಾಲ್ಕು ಊರಿನ ಜನ ಅವರನ್ನು ಗುರುತಿಸುತ್ತಿದ್ದದ್ದು ಆ ಅಂಕಣದಿಂದ. ಅದು ಅವರಿಗೆ ಎಷ್ಟು ಬೇಕಾಗಿತ್ತೆಂಬುದು ಪತ್ರಿಕೆ ಬರುವ ದಿನ ಅವರು ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದುದನ್ನು ನೋಡಿದವರಿಗೆ ಗೊತ್ತು.

ಅವರು ತೇಪೆಯನ್ನು ಮೇಜಿನ ಮೇಲೆ ಹಾಸಿ, ಉದ್ದನೆಯ ಬದಿಯನ್ನು ಕೆಳಗೆ ಮಾಡಿಕೊಂಡು, ನನ್ನ ಸೀಮೆಸುಣ್ಣದಿಂದ ಮೇಲಿನ ಮೂಲೆಯಿಂದ ಆ ಬದಿಗೆ ನೆಟ್ಟಗೆ ಒಂದು ಗೆರೆ ಇಳಿಸಿದರು. ತ್ರಿಕೋಣ ಎರಡು ಕಾಟಕೋನ, ಎಂದರೆ ಲಂಬಕೋನ, ತ್ರಿಕೋಣಗಳಾಯಿತು. ಗೆರೆಯ ಬುಡದಿಂದ ಎಡ ಓರೆ ಬದಿಯ ನಟ್ಟನಡುವಿಗೆ ಒಂದು, ಬಲ ಓರೆಯ ನಟ್ಟನಡುವಿಗೆ ಒಂದು, ಹೀಗೆ ಇನ್ನೆರಡು ಗೆರೆ ಹಾಕಿದರು. ಈಗ ನಾಲ್ಕು ಸಣ್ಣ ತ್ರಿಕೋಣ. ಪ್ರತಿಯೊಂದರಲ್ಲೂ ಎರಡು ಬದಿ ಸಮ.

“ಎರಡು ಬದಿ ಸಮ ಇದ್ದದ್ದಕ್ಕ ಎಡ ಬಲ ಅನ್ನೋ ಭೇದ ಇಲ್ಲ ನೋಡು. ತಿರುವಿ ಹಾಕೋದು ಬ್ಯಾಡ, ಹಂಗ ಸುತ್ತಿಸಿ ಇಟ್ರ ಸಾಕು. ಕತ್ತರಸು.”

ಕತ್ತರಿಸಿದೆ. ನಾಲ್ಕನ್ನೂ ಸೀದಾ ಬದಿ ಮೇಲಿರುವಂತೆಯೇ ಸುತ್ತಿಸಿ ಕಿಂಡಿಯಲ್ಲಿಟ್ಟಾಗ ಆಕಾರ ಕೂಡಿತು. ಹೊಲಿಗೆಗೆ ಹೋದ ಬಟ್ಟೆಯಿಂದಾಗಿ ಅಂಚಿಗೆ ಒಂದು ಪಟ್ಟಿ ಕೊಡಬೇಕಾಯಿತು, ಅಷ್ಟೆ. ಬುಂದಿಗಳು ಯಾವ ಕಡೆಯಿಂದ ನೋಡಿದರೂ ಒಂದೇ ತರಹ ಕಾಣುವಂಥವು. ಜೋಡಣೆ ಕಣ್ಣಿಗೆ ಬೀಳಲಿಲ್ಲ. ಫಕೀರಪ್ಪ ಝೂಲವನ್ನು ಹೆಗಲಿಗೆ ಹಾಕಿಕೊಂಡು, “ಆಚಾರ್ರ, ನಮ್ಮ ಎತ್ತಿಗೂ ಗಣಿತ ಕಲಿಸಿದ್ರಿ ಬಿಡ್ರಿ. ನಮ್ಮ ಹುಡುಗ್ರಿಗೆ ಕಲಿಸಾಕ ಆಗಿದ್ದಿಲ್ಲ,” ಎಂದು ಹೊರಟುಹೋದ. ಅವನ ಇಬ್ಬರು ಮಕ್ಕಳೂ ಆಚಾರ್ಯರ ಶಾಲೆಯಲ್ಲಿ ನಪಾಸಾದವರು.

ಸಮಸ್ಯೆ ಹುಟ್ಟಿದ ಬಗೆ ಇದು. ಜಗತ್ತಿನಲ್ಲಿ ಇದು ಮೊದಲು ನಮಗೇ ಹೊಳೆಯಿತೆಂದು ನಾನು ಹೇಳುವುದಿಲ್ಲ. ಬಟ್ಟೆ, ತೊಗಲು ಕತ್ತರಿಸುವವರು ಎಲ್ಲ ದೇಶಗಳಲ್ಲೂ ಇದ್ದಾರೆ, ಎಲ್ಲರೂ ಉಲ್ಟಾ ಕತ್ತರಿಸುತ್ತಾರೆ. ನಮಗೆ ಬೇರೆಯವರದು ಗೊತ್ತಿರಲಿಲ್ಲ ಎಂಬುದಷ್ಟೇ ನಿಜ.

ತೇಪೆಯನ್ನು ಉಲ್ಟಾ ಮಾಡದೆ ಕಿಂಡಿಗೆ ಕೂಡಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಆಚಾರ್ಯರು ‘ಫಕೀರಪ್ಪನ ಎತ್ತು’ ಎಂದು ಅಂಕಣಕ್ಕೆ ಕಳಿಸಿದರು. ಉತ್ತರಗಳು ನನ್ನ ಅಂಗಡಿಯ ವಿಳಾಸಕ್ಕೆ ಬರುತ್ತಿದ್ದವು. ಹಾನಗಲ್ಲಿನ ಒಬ್ಬರು ತೇಪೆಯನ್ನು ನೂಲು ನೂಲಾಗಿ ಬಿಚ್ಚಿ ಮತ್ತೆ ನೇಯಬೇಕೆಂದು ಸೂಚಿಸಿದ್ದರು. ಅಕ್ಕಿಆಲೂರಿನ ಒಬ್ಬರು, ಎತ್ತನ್ನು ತಿರುಗಿಸಿ ನಿಲ್ಲಿಸಿದರೆ ಒಂದು ತುಂಡೂ ಬೇಡವೆಂದು ಬರೆದಿದ್ದರು. ಆಚಾರ್ಯರು ಇದನ್ನು ಬಹಳ ಮೆಚ್ಚಿ ಬಂದವರಿಗೆಲ್ಲ ಓದಿ ಹೇಳಿದರು.

ನಂತರ ಉತ್ತರ ಪ್ರಕಟಿಸುವ ಸರದಿ ಬಂತು. ನಾಲ್ಕು ತುಂಡಿನ ಚಿತ್ರದ ಕೆಳಗೆ ಅವರು ಒಂದು ಮಾತು ಸೇರಿಸಿದ್ದರು: ಮೂರು ತುಂಡುಗಳಲ್ಲಿ ಇದು ಅಸಾಧ್ಯ; ಸಾಧಿಸಿ ತೋರಿಸಿದವರಿಗೆ ಈ ಅಂಕಣವನ್ನೇ ಬಿಟ್ಟುಕೊಡುತ್ತೇನೆ. ಅಂಚೆಗೆ ಹಾಕುವ ಮೊದಲು ನನಗೆ ಓದಿ ತೋರಿಸಿದರು.

“ಆ ಕಡೀ ಸಾಲು ಬ್ಯಾಡ್ರಿ ಆಚಾರ್ರ.”

“ಯಾಕೋ?”

“ನಾಕ್ರಾಗ ಆಗತೈತಿ ಅನ್ನೂದು ನಾವು ಮಾಡಿ ನೋಡೇವಿ. ಮೂರ್ರಾಗ ಆಗೂದಿಲ್ಲ ಅನ್ನೂದು ಮಾಡಿ ನೋಡಿಲ್ಲಲ್ರಿ.”

“ಏ ಹುಚ್ಚಾ, ಕಾಟಕೋನ ತ್ರಿಕೋಣ ಎರಡು. ಒಂದೊಂದಕ್ಕ ಎರಡೆರಡು ತುಂಡು ಬೇಕೇ ಬೇಕು. ಎರಡೆರಡ್ಲೆ ನಾಕು. ಇದ್ರಾಗ ಮಾಡಿ ನೋಡೋದೇನದ?”

ಲೆಕ್ಕ ತಪ್ಪೆಂದು ತೋರಿಸಲು ನನ್ನಿಂದ ಆಗಲಿಲ್ಲ. ಸಾಲು ಹಾಗೆಯೇ ಅಚ್ಚಾಯಿತು.

ಶ್ರಾವಣ ಬಂತು. ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳ ಕುಪ್ಪಸಗಳು ಅಂಗಡಿಯಲ್ಲಿ ರಾಶಿ ಬಿದ್ದವು. ಜಿಟಿಜಿಟಿ ಮಳೆಗೆ ಬಟ್ಟೆಯೆಲ್ಲ ತಣ್ಣಗೆ ಅಂಟುತ್ತಿತ್ತು; ಇಸ್ತ್ರಿ ಪೆಟ್ಟಿಗೆಯ ಇದ್ದಿಲು ಬೇಗ ಹೊತ್ತುತ್ತಿರಲಿಲ್ಲ. ಅಂಥ ಒಂದು ಸಂತೆಯ ದಿನ ಹುಲಗೂರಿನ ಶಾಲೆಯ ಅಕ್ಕಾರು, ಎಂದರೆ ಶಿಕ್ಷಕಿ, ಕುಪ್ಪಸದ ಬಟ್ಟೆ ತಂದರು. ಹೆಸರು ಸುಮಿತ್ರಾಬಾಯಿ. ಹಿರೇಕೆರೂರು ತಾಲೂಕಿನ ಒಕ್ಕಲು ಮನೆಯವರು. ಅವರ ತಂದೆಯ ಕಾಲಕ್ಕೆ ಮನೆಯವರು ಬೌದ್ಧ ಧರ್ಮ ಸ್ವೀಕರಿಸಿದ್ದರು. ಶಿಕ್ಷಕರ ತರಬೇತಿ ಮುಗಿಸಿದ ಮೇಲೆ ಅದೇ ಮೊದಲ ನೌಕರಿ. ಅಳತೆ ಕೊಟ್ಟಾದ ಮೇಲೆ ಬಾಗಿಲ ಬಳಿಯ ಕುರ್ಚಿಯ ಕಡೆ ನೋಡಿ ಮೆಲ್ಲಗೆ ಕೇಳಿದರು.

“ಈರಣ್ಣಾರ, ಗುಂಡಾಚಾರ್ರು ಅಂದ್ರ ಇವರೇನ್ರಿ?”

“ನಾನೇ ಬಾಯಾರ. ಏನು?” ಎಂದರು ಆಚಾರ್ಯರು.

ಅವರು ಚೀಲದಿಂದ ಮಡಿಚಿದ ಪತ್ರಿಕೆ ತೆಗೆದರು. “ಸರ್, ತಪ್ಪ ತಿಳಕೋಬ್ಯಾಡ್ರಿ. ಇದ್ರಾಗ ನಿಮ್ದು ಒಂದು ಗೆರಿ ಹೆಚ್ಚಾಗೇತ್ರಿ.”

“ಹೆಚ್ಚಾಗೇದ? ಯಾವ ಗೆರಿ?”

“ಮೊದಲನೇದ್ದು.”

ಆಚಾರ್ಯರು ನಕ್ಕರು. “ಮೊದಲನೇ ಗೆರಿ ಇಲ್ಲದ ಉಳಿದ ಎರಡು ಎಲ್ಲಿಂದ ಹುಟ್ತಾವ ಬಾಯಾರ? ಅದರ ಬುಡದಿಂದೇ ಅಲ್ಲೇನು ಅವನ್ನ ಎಳದದ್ದು?”

“ಗೆರಿ ಹಾಕ್ರಿ ಸರ್. ಕತ್ತರಸಬ್ಯಾಡ್ರಿ.”

ನನ್ನ ಕೈಯಲ್ಲಿದ್ದ ಕತ್ತರಿ ನಿಂತಿತು. ನನ್ನ ಕಸುಬಿನಲ್ಲಿ ಬಟ್ಟೆಯ ಮೇಲೆ ಹಾಕುವ ಗೆರೆಗಳಲ್ಲಿ ಅರ್ಧ ಕತ್ತರಿಸಲು, ಅರ್ಧ ಬರೀ ಗುರುತಿಗೆ. ಅಂಗಿಯ ಬೆನ್ನಿನ ನಡುಗೆರೆಯನ್ನು ಯಾವ ದರ್ಜಿಯೂ ಕತ್ತರಿಸುವುದಿಲ್ಲ. ಅದರಿಂದ ಅಳೆದು ಬೇರೆಡೆ ಕತ್ತರಿಸುತ್ತಾನೆ. ಆಚಾರ್ಯರು ಮೊದಲು ಎಳೆದದ್ದು ಅಂಥ ನಡುಗೆರೆ. ಅವರು ಕತ್ತರಸು ಎಂದರು, ನಾನು ಕತ್ತರಿಸಿದ್ದೆ.

ಆ ಒಂದು ಗೆರೆಯನ್ನು ಬಿಟ್ಟರೆ ನಡುವಿನ ಎರಡು ತ್ರಿಕೋಣಗಳು ಅಂಟಿಕೊಂಡು ಗಾಳಿಪಟದ ಆಕಾರದ ಒಂದು ತುಂಡಾಗುತ್ತದೆ. ಅದರ ಎರಡು ಪಕ್ಕಗಳಲ್ಲಿ ಎರಡು ಸಣ್ಣ ತ್ರಿಕೋಣ. ಒಟ್ಟು ಮೂರು. ಆಚಾರ್ಯರು ಪತ್ರಿಕೆಯ ಅಂಚಿನಲ್ಲಿ ಅಕ್ಕಾರು ಬರೆದಿದ್ದ ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಇದು ಕಾಗದದ ಮ್ಯಾಲೆ ಚಂದ ಅದ. ಆದ್ರ ಈ ನಡುವಿನ ಪಟ ಉಲ್ಟಾ ಮಾಡಿದ ಹೊರತು ಆಕಾರ ಕೂಡೂದಿಲ್ಲ. ಕಾಗದಕ್ಕ ಎರಡೂ ಮೈ ಒಂದೇ. ಬಟ್ಟಿ ಅರಿವಿಗೆ ಹಂಗಲ್ಲ. ಫಕೀರಪ್ಪನ ಎತ್ತಿನ ಮಾತೇ ಮರತ್ರಲ್ಲ ನೀವು.”

“ಉಲ್ಟಾ ಮಾಡೂದಿಲ್ರೀ ಸರ್.”

“ಮತ್ತ ಹೆಂಗ ಕೂಡಿಸ್ತೀರಿ? ಹೇಳ್ರಿ.”

ಅಕ್ಕಾರು ಹೇಳಲು ಹೊರಟರು. ಬರೀ ಕೈ ಸನ್ನೆಯಲ್ಲಿ ಅದು ತಿಳಿಯುವಂಥದಲ್ಲ. ಅಷ್ಟರಲ್ಲಿ ಅವರ ಬಸ್ಸಿನ ಹಾರ್ನು ಕೇಳಿಸಿತು. “ಕುಪ್ಪಸ ಒಯ್ಯಾಕ ಬಂದಾಗ ಮಾಡೇ ತೋರಿಸ್ತೇನ್ರಿ,” ಎಂದು ಸೆರಗನ್ನು ತಲೆಗೆ ಎಳೆದುಕೊಂಡು ಮಳೆಯಲ್ಲಿ ಓಡಿದರು.

ಆ ವಾರ ಆಚಾರ್ಯರು ಬಂದು ಕೂಡುತ್ತಿದ್ದರು, ಪತ್ರಿಕೆ ಬಿಡಿಸುತ್ತಿದ್ದರು, ಪುಟ ತಿರುವುತ್ತಿರಲಿಲ್ಲ. ನಾನು ಕಾಗದದ ಮೂರು ತುಂಡು ಮಾಡಿಕೊಂಡು ಕೆಲಸದ ನಡುವೆ ಆಡಿಸುತ್ತಿದ್ದೆ. ಗಾಳಿಪಟವನ್ನು ಎಲ್ಲಿಟ್ಟರೂ ಉಳಿದೆರಡು ಒಪ್ಪುತ್ತಿರಲಿಲ್ಲ. “ಕೂಡಾಕತ್ತಿಲ್ರಿ ಆಚಾರ್ರ,” ಎಂದೆ. “ಕೂಡೂದಿಲ್ಲ,” ಎಂದರು. ಅದನ್ನು ಹೇಳಿದ ರೀತಿಯಲ್ಲಿ ಗೆದ್ದವರ ಗತ್ತು ಇರಲಿಲ್ಲ. “ನೀವ ಒಮ್ಮೆ ಕೈ ಹಚ್ಚಿ ನೋಡ್ರಲ್ಲ,” ಎಂದು ತುಂಡುಗಳನ್ನು ಅವರ ಕಡೆ ಸರಿಸಿದೆ. ಅವರು ಮುಟ್ಟಲಿಲ್ಲ. ಮುಟ್ಟಿದರೆ ಕೂಡಿಬಿಡಬಹುದೆಂಬ ಅಂ‍ಜಿಕೆ ಇತ್ತೆಂದು ನಾನು ಆಗ ಎಣಿಸಿದ್ದೆ. ಈಗಲೂ ಹಾಗೆಯೇ ಎಣಿಸುತ್ತೇನೆ.

ಮುಂದಿನ ಸಂತೆಗೆ ಅಕ್ಕಾರು ಬಂದರು. ಕುಪ್ಪಸವನ್ನು ನೋಡುವ ಮೊದಲೇ ನನ್ನ ಬಳಿ ಛಾಪಿನ ಬಟ್ಟೆಯ ಒಂದು ಚೂರು ಮತ್ತು ಎರಡು ಟಾಚಣಿ ಸೂಜಿ ಕೇಳಿದರು. ಬಟ್ಟೆಯನ್ನು ಆಚಾರ್ಯರ ಮುಂದೆ ಹಾಸಿ, “ತ್ರಿಕೋಣ ನೀವೇ ಬರೀರಿ ಸರ್. ನಿಮ್ಮ ಮನಸ್ಸಿಗೆ ಬಂದಂಥಾದ್ದು,” ಎಂದರು. ಆಚಾರ್ಯರು ಬೇಕೆಂದೇ ಒಂದು ವಿಕಾರವಾದ ತ್ರಿಕೋಣ ಬರೆದರು. ಒಂದು ಓರೆ ಗಿಡ್ಡ, ಇನ್ನೊಂದು ಬಹಳ ಉದ್ದ. ನಾನು ಅದರ ಅಚ್ಚನ್ನು ಕಾಗದದ ಮೇಲೆ ತೆಗೆದಿಟ್ಟುಕೊಂಡೆ. ಅಕ್ಕಾರು ಮೂರು ಗೆರೆ ಹಾಕಿದರು, ಎರಡನ್ನು ಮಾತ್ರ ಕತ್ತರಿಸಿದರು.

ಆಮೇಲೆ ಮಾಡಿದ್ದು ನನಗೆ ಹೊಳೆಯದ ಕೆಲಸ. ನಡುವಿನ ಗಾಳಿಪಟವನ್ನು ಮೇಜಿನ ಮೇಲೆ ಇದ್ದಲ್ಲಿಯೇ ಬಿಟ್ಟರು. ಎಡ ಓರೆಯ ನಟ್ಟನಡುವೆ, ಸಣ್ಣ ತ್ರಿಕೋಣವೂ ಗಾಳಿಪಟವೂ ಮೂಲೆಗೆ ಮೂಲೆ ತಾಗುವಲ್ಲಿ, ಒಂದು ಟಾಚಣಿ ಚುಚ್ಚಿದರು. ಬಲಗಡೆ ಇನ್ನೊಂದು.

“ಇವು ಕತ್ರಿ ಮೊಳಿ ಅಂತ ತಿಳೀರಿ,” ಎಂದು ಎಡ ತುಂಡನ್ನು ಆ ಟಾಚಣಿಯ ಸುತ್ತ, ಮೇಜಿನಿಂದ ಎತ್ತದೆ, ಹೊರಗಿನಿಂದ ಅರ್ಧ ಸುತ್ತು ತಿರುಗಿಸಿದರು. ಕೆಳಗಿದ್ದ ತುಂಡು ಮೇಲೆ ಬಂದು, ಓರೆಯ ಕೆಳಗಿನ ಅರ್ಧ ಮೇಲಿನ ಅರ್ಧಕ್ಕೆ ಅಂಟಿ ಕೂತಿತು. ಬಲ ತುಂಡೂ ಹಾಗೆಯೇ ಬಂದು ಕೂತಿತು. ಮೇಜಿನ ಮೇಲೆ ಈಗ ಚೂಪು ಕೆಳಗಾದ ಒಂದು ಪೂರ್ಣ ತ್ರಿಕೋಣ ಇತ್ತು. ಎಲ್ಲ ಬುಂದಿಗಳೂ ಮೇಲೆ ನೋಡುತ್ತಿದ್ದವು.

“ನಡುವಿನ ತುಂಡು ಅಲಗ್ಯಾಡಿತೇನ್ರೀ ಸರ್?”

ಆಚಾರ್ಯರು ಮೇಜಿನ ಮೇಲೆ ಬಾಗಿದರು. ಪ್ರತಿ ತುಂಡಿನ ಅಂಚನ್ನೂ ಬೆರಳಿನಿಂದ ಎತ್ತಿ ಅಡಿಯ ಬಣ್ಣ ನೋಡಿದರು. ನಾನು ತೆಗೆದಿದ್ದ ಅಚ್ಚನ್ನು ತಿರುವಿ ಹಾಕಿ ಮೇಲಿಟ್ಟರು. ಮೂರು ಮೂಲೆಯೂ ಸರಿಹೋದವು. ತಗಡಿನ ಮೇಲೆ ಮಳೆ ಜೋರಾಗಿತ್ತು; ಕುಪ್ಪಸಕ್ಕೆ ಬಂದಿದ್ದ ಇಬ್ಬರು ಹೆಂಗಸರು ಏನೋ ಕಣ್ಕಟ್ಟೆಂದು ನೋಡುತ್ತಿದ್ದರು.

“ಈರಣ್ಣಾ, ನಂದು ಎರಡೆರಡ್ಲೆ ನಾಕು ಸುಳ್ಳಾತಲ್ಲೋ,” ಎಂದರು ಆಚಾರ್ಯರು. ಅಕ್ಕಾರ ಕಡೆ ತಿರುಗಿ, “ಬಾಯಾರ, ಅಂಕಣ ನಿಮ್ಮದಾತು.”

“ಅಯ್ಯ, ಬ್ಯಾಡ್ರಿ ಸರ್. ನಾ ಅಂಕಣ ಕೇಳಾಕ ಬಂದಿಲ್ಲ. ಮೂರ್ರಾಗ ಆಗತೈತಿ, ಇಂಥಾಕಿ ಮಾಡಿದ್ಲು ಅಂತ ಬರೀರಿ, ಅಷ್ಟ ಸಾಕು.”

“ಎರಡೂ ಆಗಬೇಕು. ಮಾತು ಅಚ್ಚಾಗೇದ.”

ಹಿಂದೆಗೆಯಲು ಅವರಿಗೆ ಹಾದಿ ಇರಲಿಲ್ಲವೆಂದಲ್ಲ. ಅಂಗಡಿಯಲ್ಲಿ ಇದನ್ನು ಕಂಡವರು ನಾವು ಕೆಲವರು. ಹೆಂಗಸರಿಗೆ ಅದು ಅರ್ಥವಾಗಿರಲಿಲ್ಲ, ನಾನು ಅವರ ಮಾತು ಮೀರುವವನಲ್ಲ. ಅವರು ಅಂದೇ ಬರೆಯಲು ಕುಳಿತರು. ಮೂರು ತುಂಡಿನ ಚಿತ್ರ, ಮಾಡಿದವರ ಹೆಸರು, ತಮ್ಮ ಲೆಕ್ಕ ಎಲ್ಲಿ ತಪ್ಪಿತೆಂಬ ವಿವರಣೆ, ಇನ್ನು ಮುಂದೆ ‘ರೇಖಾವಿನೋದ’ ಸುಮಿತ್ರಾಬಾಯಿಯವರದು ಎಂಬ ಪ್ರಕಟಣೆ. ನನ್ನ ಮೇಜಿನ ಮೇಲೆಯೇ ಬರೆದು, ನನ್ನ ಕೈಯಿಂದಲೇ ಅಂಚೆಗೆ ಹಾಕಿಸಿದರು.

ಪತ್ರಿಕೆ ಬಂದಾಗ ಚಿತ್ರ ಇತ್ತು. ‘ಮೂರು ತುಂಡಿನಲ್ಲಿಯೂ ಸಾಧ್ಯ’ ಎಂಬ ಒಂದು ಸಾಲಿತ್ತು. ಉಳಿದದ್ದು ಯಾವುದೂ ಇರಲಿಲ್ಲ. ಮೇಲೆ ಎಂದಿನಂತೆ ಅಂಕಣದ ಹೆಸರು, ಅದರ ಕೆಳಗೆ ‘ಗುಂಡಾಚಾರ್ಯ, ಸವಣೂರು’. ಈ ಎರಡನ್ನೂ ಒಟ್ಟಾಗಿ ಕೊರೆದ ಒಂದೇ ಅಚ್ಚು ಮುದ್ರಣಾಲಯದಲ್ಲಿತ್ತು. ಒಳಗಿನ ವಿಷಯ ಯಾರದೇ ಆಗಲಿ, ಪ್ರತಿ ವಾರ ಅದನ್ನೇ ಒತ್ತುತ್ತಿದ್ದರು. ಓದಿದವರು ಏನು ತಿಳಿದರೆಂದು ಬೇರೆ ಹೇಳಬೇಕಾಗಿಲ್ಲ. ಮೂರು ತುಂಡು ಅವರದಾದದ್ದು ಆ ವಾರ.

ಆಚಾರ್ಯರು ಛತ್ರಿ ಹಿಡಿದು ಹುಬ್ಬಳ್ಳಿಗೆ ಹೋಗಿ ಬಂದರು. “ಏನಂದ್ರು?” ಎಂದು ಕೇಳಿದೆ.

“ಜಾಗಾ ಸಾಲಲಿಲ್ಲ ಅಂದ್ರು. ಹೆಸರು ಬದಲಾದ್ರ ಓದೋರು ಬಿಡ್ತಾರ ಅಂದ್ರು. ಬೇಕಾದ್ರ ಆ ಬಾಯಿ ಕೈಲೆ ಬರಸಿ ನಿಮ್ಮ ಹೆಸರಿನ ಕೆಳಗ ಕಳಸ್ರಿ, ನಮ್ಮದೇನೂ ತಕರಾರಿಲ್ಲ ಅಂದ್ರು.” ಛತ್ರಿಯನ್ನು ಬಾಗಿಲಿಗೆ ಒರಗಿಸಿಟ್ಟರು. “ಭಾಳ ಮರ್ಯಾದಿ ಮಂದಿ. ಚಹಾನೂ ತರಸಿದ್ರು.”

ಆಮೇಲೆ ಅವರು ಪತ್ರಿಕೆಗೆ ಒಂದು ಸಮಸ್ಯೆಯನ್ನೂ ಕಳಿಸಲಿಲ್ಲ. ಕೆಲವು ವಾರ ಹಳೆಯ ಸಮಸ್ಯೆಗಳನ್ನು ಮತ್ತೆ ಹಾಕಿ, ದಸರೆಯ ಹೊತ್ತಿಗೆ ಅಂಕಣ ನಿಂತಿತು. ಯಾಕೆಂದು ಜನ ಕೇಳಿದಾಗ ಯಾರೋ ಕಣ್ಣಿನ ಮಾತು ಹೇಳಿರಬೇಕು. ಕಣ್ಣು ಮಂಜಾದವರು ಮೋಡದ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಲಾರರು. ಆಚಾರ್ಯರು ಅದಾದ ಮೇಲೆ ಎಷ್ಟೋ ವರ್ಷ ನನ್ನ ಸೂಜಿಗಳಿಗೆ ದಾರ ಪೋಣಿಸಿ ಕೊಟ್ಟರು. ಎಂಬತ್ತರ ದಶಕದ ನಡುವೆ ಅವರು ತೀರಿಕೊಂಡರು. ಅಷ್ಟರಲ್ಲಿ ಸುಮಿತ್ರಾಬಾಯಿಯವರಿಗೆ ಹಿರೇಕೆರೂರಿನ ಕಡೆ ವರ್ಗವಾಗಿತ್ತು.

ನನಗೆ ತಿಳಿದದ್ದು ಇಷ್ಟು. ಆಚಾರ್ಯರು ತಮ್ಮ ಮಾತನ್ನು ಅರ್ಧ ಮಾತ್ರ ಉಳಿಸಿಕೊಂಡರು, ಅಂಕಣ ಬಿಟ್ಟರು, ಆದರೆ ಅಕ್ಕಾರ ಹೆಸರನ್ನು ಹೊರಗೆ ತರಲಾಗದೆ ಸುಮ್ಮನಾದರು ಎಂದೇ ನಾನು ಇಷ್ಟು ವರ್ಷ ನಂಬಿದ್ದೆ.

ಸಭೆಯಲ್ಲಿ ಸಾಕ್ಷಿ ಕೇಳಿದ ಮೇಲೆ ಹಿರೇಕೆರೂರಿಗೆ ಹೋದೆ. ಸುಮಿತ್ರಾಬಾಯಿಯವರು ನಿವೃತ್ತರಾಗಿ ಅಲ್ಲಿಯೇ ಮನೆ ಮಾಡಿಕೊಂಡಿದ್ದಾರೆ. ನೆರೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ. ನನ್ನ ಕಥೆಯನ್ನೆಲ್ಲ ಕೇಳಿಸಿಕೊಂಡು ಮೊದಲು ತಿದ್ದಿದ್ದು ಬಟ್ಟೆಯ ಬಣ್ಣವನ್ನು.

“ನೀವು ನನಗ ಕೊಟ್ಟ ಚೂರು ನೀಲಿ ಇತ್ರಿ ಈರಣ್ಣಾರ.”

“ಹಸರು ಇತ್ತಲ್ರಿ ಅಕ್ಕಾರ?”

“ನೀಲಿ. ಅದರ ಕುಪ್ಪಸ ಆಮ್ಯಾಲೆ ನಿಮ್ಮ ಕಡೇನ ಹೊಲಸೇನಿ.” ಆ ಮೇಲೆ ಸ್ವಲ್ಪ ಸಿಡುಕಿನಿಂದ, “ಸಭಾದಾಗ ಅವರೊಂದು ಅರ್ಧಾ ಕತಿ ಹೇಳಿದ್ರು, ನೀವೊಂದು ಅರ್ಧಾ ಹೇಳಿ ಬಂದ್ರಿ. ಆಚಾರ್ರು ಸುಮ್ನ ಕುಂತ್ರು ಅಂತ ಯಾರ್ ಹೇಳಿದ್ರು ನಿಮಗ? ಹುಲಗೂರಿಗೆ ಬಂದಿದ್ರು.”

ನನಗೆ ಇದು ಗೊತ್ತಿರಲಿಲ್ಲ.

ದಸರೆಯ ರಜೆ ಮುಗಿದಾಗ ಹುಲಗೂರಿನ ಶಾಲೆಯ ಜಗುಲಿಗೆ ಸಿಮೆಂಟಿನ ಗಚ್ಚು ಹಾಕುವ ಕೆಲಸ ನಡೆದಿತ್ತಂತೆ. ಗೌಂಡಿ ಒಂದು ತುದಿಯನ್ನು ಮುಗಿಸಿ ಊಟಕ್ಕೆ ಹೋಗಿದ್ದ. ಆಚಾರ್ಯರು ಬಸ್ಸಿಳಿದು ನೇರವಾಗಿ ಶಾಲೆಗೆ ಬಂದು, ಅಂಕಣ ಕೊಡಿಸಲಾಗಲಿಲ್ಲವೆಂದು ಅಕ್ಕಾರಿಗೆ ಹೇಳಿದರು. ತಮ್ಮ ಹೆಸರಿನ ಕೆಳಗೆ ಬರೆಯುತ್ತೀರಾ ಎಂದು ಕೇಳಲೇಬೇಕಾದ್ದರಿಂದ ಕೇಳಿದರು. ಅಕ್ಕಾರು ಒಲ್ಲೆ ಎಂದರು. “ಹಂಗ ಅಂತೀರಿ ಅಂತ ಗೊತ್ತಿತ್ತು,” ಎಂದು ಹೊರಗೆ ಬಂದವರು, ಧೋತರದ ಚುಂಗು ಎತ್ತಿ ಕಟ್ಟಿ, ಹಸಿ ಗಚ್ಚಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಛತ್ರಿಯ ತುದಿಯಿಂದ ಗೀರತೊಡಗಿದರು.

ಹೆಡ್‌ಮಾಸ್ತರರು ಓಡಿ ಬಂದರು. “ಆಚಾರ್ರ, ಆಚಾರ್ರ! ಹಸಿ ಗಚ್ಚಿನ ಮ್ಯಾಲ ಏನ್ ಮಾಡಾಕತ್ತೀರಿ?”

“ಪತ್ರಿಕಾದವರಿಗೆ ಜಾಗಾ ಸಾಲಲಿಲ್ಲಂತ,” ಎಂದರಂತೆ ಆಚಾರ್ಯರು, ತಲೆ ಎತ್ತದೆ. “ನಿಮ್ಮಲ್ಲೆ ಭಾಳ ಜಾಗಾ ಅದ.”

ಹೆಡ್‌ಮಾಸ್ತರರು ಗೌಂಡಿಯನ್ನು ಕರೆದು ಅಳಿಸಬೇಕೆಂದಿದ್ದರು. ಗೌಂಡಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಗಚ್ಚು ಬಿಗಿದಿತ್ತು.

ಅಕ್ಕಾರ ಮಾತನ್ನೂ ನಾನು ಬರೀ ನಂಬಿ ಬರೆಯಬಾರದೆಂದು ಮರುದಿನ ಹುಲಗೂರಿಗೆ ಹೋದೆ. ಶಾಲೆಗೆ ಹೊಸ ಕಟ್ಟಡ ಆಗಿದೆ. ಹಳೆಯದನ್ನು ಸಾಮಾನು ಇಡಲು ಬಳಸುತ್ತಾರೆ. ಜಗುಲಿಯ ಪೂರ್ವದ ತುದಿಯಲ್ಲಿ ಮುರಿದ ಬೆಂಚುಗಳಿದ್ದವು. ಅಲ್ಲಿದ್ದ ಜವಾನರೊಬ್ಬರು ಸರಿಸಿಕೊಟ್ಟರು. ಧೂಳಿನ ಕೆಳಗೆ ತ್ರಿಕೋಣ ಇದೆ. ಬುಡದಿಂದ ಎರಡು ಓರೆಗಳ ನಡುವಿಗೆ ಹೋಗುವ ಎರಡು ಗೆರೆಗಳನ್ನು ಆಳವಾಗಿ ಗೀರಿದೆ. ಮೇಲಿನ ಮೂಲೆಯಿಂದ ಇಳಿಯುವ ಗೆರೆ ಬರೀ ಚುಕ್ಕೆಗಳು. ಕೆಳಗೆ ಮೂರು ಸಾಲು, ಗಣಿತದ ಮಾಸ್ತರರ ಗುಂಡಗಿನ ಅಕ್ಷರದಲ್ಲಿ:

ಮೂರು ತುಂಡು ಸಾಕು.
ತೋರಿಸಿದವರು ಸುಮಿತ್ರಾಬಾಯಿ.
ತಪ್ಪಿದವನು ಗುಂಡಾಚಾರ್ಯ.

ಸಂಶಯ ಇದ್ದವರು ಹುಲಗೂರಿನಲ್ಲಿ ಬಸ್ಸಿಳಿದು ಹಳೆಯ ಶಾಲೆ ಎಲ್ಲಿ ಎಂದು ಕೇಳಬೇಕು. ಬೆಂಚುಗಳನ್ನು ಮತ್ತೆ ಅದೇ ಜಾಗಕ್ಕೆ ಇಟ್ಟಿರಬಹುದು, ಸರಿಸಲು ಹೇಳಬೇಕು. ಗೀರಿನಲ್ಲಿ ಮಣ್ಣು ಕೂತಿದೆ. ಒಂದು ತಂಬಿಗೆ ನೀರು ಹಾಕಿದರೆ ಅಕ್ಷರಗಳು ಚೆನ್ನಾಗಿ ಕಾಣುತ್ತವೆ.